ಸೆಂಟಿನೆಲಿಗಳು

ಅಂಡಮಾನ್ ದ್ವೀಪಸಮೂಹದ ಉತ್ತರ ಸೆಂಟಿನೆಲ್‌ನಲ್ಲಿ ಹೊರಗಿನವರ ಸಹವಾಸ ಒಲ್ಲದೆ ಬದುಕುತ್ತಿರುವ ಬುಡಕಟ್ಟು. ದ್ವೀಪದ ವಿಸ್ತೀರ್ಣ ಸುಮಾರು 60 ಚದರ ಕಿ.ಮೀ. ಬೇಟೆ, ಮೀನುಗಾರಿಕೆ, ಕಾಡಿನ ಉತ್ಪನ್ನಗಳೇ ಇವರಿಗೆ ಆಧಾರ, ಬೇಸಾಯವಿಲ್ಲ. ಹೆಸರೂ ಹೊರಗಿನವರು ಇಟ್ಟದ್ದೇ.

‘ಶಿಲಾಯುಗದ ಜನ’ ಎಂಬ ಪತ್ರಿಕೆಗಳ ಹಣೆಪಟ್ಟಿ ಒಪ್ಪುವಂಥದ್ದಲ್ಲ. 1981ರಲ್ಲಿ ಹವಳದ ದಿಬ್ಬಕ್ಕೆ ಸಿಕ್ಕಿಬಿದ್ದ ‘ಪ್ರಿಮ್‌ರೋಸ್’ ಹಡಗಿನ ಕಬ್ಬಿಣವನ್ನು ಬಿಚ್ಚಿ ತಂದು ಆಯುಧಗಳಿಗೆ ಬಳಸಿಕೊಂಡವರು ಇವರು. ಆಳವಿಲ್ಲದ ನೀರಿನಲ್ಲಿ ದೋಣಿಯನ್ನು ಗಳು ಊರಿ ಸಾಗಿಸುತ್ತಾರೆ. 1991ರ ಜನವರಿಯಲ್ಲಿ, ಮಾನವಶಾಸ್ತ್ರಜ್ಞೆ ಮಧುಮಾಲಾ ಚಟ್ಟೋಪಾಧ್ಯಾಯ ಇದ್ದ ತಂಡ ತೇಲಿಬಿಟ್ಟ ತೆಂಗಿನಕಾಯಿಗಳನ್ನು ನೀರಿಗಿಳಿದು ಬಾಚಿಕೊಂಡರು. ಕಾಯಿ ಬೇಕಿತ್ತು, ನಂಟು ಬೇಕಿರಲಿಲ್ಲವೇನೋ, ಸಲುಗೆ ಬೆಳೆಯಲಿಲ್ಲ.

ಈ ದೂರಕ್ಕೆ ಕಾರಣಗಳಿವೆ. ನಾಡಿನವರು ನಾಲ್ಕು ದಿನದಲ್ಲಿ ಕೊಡವಿಕೊಂಡು ಏಳುವ ಸೋಂಕು ಇವರಿಗೆ ಮಾರಕವಾಗಬಹುದು. 1880ರಲ್ಲಿ ಬ್ರಿಟಿಷ್ ಅಧಿಕಾರಿ ಪೋರ್ಟ್‌ಮನ್ ಇಬ್ಬರು ವೃದ್ಧರನ್ನೂ ನಾಲ್ವರು ಮಕ್ಕಳನ್ನೂ ಪೋರ್ಟ್‌ಬ್ಲೇರ್‌ಗೆ ಹಿಡಿದೊಯ್ದ. ವೃದ್ಧರು ಕಾಯಿಲೆಬಿದ್ದು ಸತ್ತರು, ಮಕ್ಕಳನ್ನು ಉಡುಗೊರೆಗಳೊಂದಿಗೆ ಮರಳಿ ಬಿಡಲಾಯಿತು. 1956ರ ನಿಯಮಾವಳಿ ಬುಡಕಟ್ಟು ಮೀಸಲು ಪ್ರದೇಶಗಳಿಗೆ ಹೊರಗಿನವರ ಪ್ರವೇಶವನ್ನು ನಿರ್ಬಂಧಿಸಿದೆ. 2004ರ ಸುನಾಮಿಯ ಬಳಿಕ ಕ್ಷೇಮ ವಿಚಾರಿಸಲು ಹಾರಿದ ಹೆಲಿಕಾಪ್ಟರಿನತ್ತ, ದಡದಲ್ಲಿ ನಿಂತವನೊಬ್ಬ ಬಿಲ್ಲು ಎತ್ತಿದ.