ಆಲ್ಗಾಲ್‌ನ ವೇಳಾಪಟ್ಟಿ

ಕಳೆದ ಡಿಸೆಂಬರಿನ ಒಂದು ರಾತ್ರಿ ಪುಣೆಯ ನಮ್ಮ ಕಟ್ಟಡದ ತಾರಸಿಯಲ್ಲಿ ನಿಂತು, ಆಲ್ಗಾಲ್ ಎಂಬ ನಕ್ಷತ್ರಕ್ಕೆ ಗ್ರಹಣ ಹಿಡಿಯುವುದನ್ನು ಬರಿಗಣ್ಣಿನಲ್ಲೇ ನೋಡಿದೆ. ಪಟ್ಟಿಯಲ್ಲಿ ಬರೆದಿದ್ದ ಹೊತ್ತಿಗೇ ಅದು ಮಂಕಾಯಿತು. ಆಫೀಸಿನಲ್ಲಿ ನಾನು ಹಾಕುವ ಗಡುವುಗಳೇ ವಾರಗಟ್ಟಲೆ ತಪ್ಪುತ್ತವೆ. ಸುಮಾರು 90 ಜ್ಯೋತಿರ್ವರ್ಷ ದೂರದ ನಕ್ಷತ್ರದ ಗಡುವನ್ನು ಮನುಷ್ಯ ಲೆಕ್ಕ ಹಾಕಿದ್ದು ಹೇಗೆ?

ಆಲ್ಗಾಲ್ ಎಂಬ ಅರಬ್ಬಿ ಹೆಸರಿನ ಮೂಲದಲ್ಲಿ ಪಿಶಾಚಿಯ ತಲೆ ಎಂಬ ಅರ್ಥವಿದೆ. 17ನೇ ಶತಮಾನದಲ್ಲಿ ಇಟಲಿಯ ಜೆಮಿನಿಯಾನೊ ಮೊಂಟನಾರಿ ಅದರ ಬೆಳಕು ಏರುಪೇರಾಗುವುದನ್ನು ಗುರುತಿಸಿದ್ದ. ಆದರೆ ಮುಂದಿನ ಸಲ ಯಾವಾಗ ಎಂದು ಹೇಳಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಹೇಳಿದವನು ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಜಾನ್ ಗುಡ್ರಿಕ್. ಎಳವೆಯಲ್ಲೇ ಕಿವಿ ಕೇಳದಾಗಿದ್ದ ಹುಡುಗ. 1782ರ ನವೆಂಬರ್ 12ರ ರಾತ್ರಿ ಆಲ್ಗಾಲ್ ಮಂಕಾಗಿದ್ದು ಕಂಡಾಗ ಅವನಿಗೆ 18 ವರ್ಷ. ತನ್ನ ಕಣ್ಣಿನದೇ ದೋಷವೋ, ಗಾಳಿ ತಿಳಿಯಾಗಿಲ್ಲವೋ ಎಂದು ಮೊದಲು ಅನುಮಾನಿಸಿದ. ನೆರೆಯ ಗೆಳೆಯ ಎಡ್ವರ್ಡ್ ಪಿಗಟ್ ಕೂಡ ನೋಡತೊಡಗಿದ. ಅಕ್ಕಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಹೊಳಪನ್ನು ಬರೆದಿಡುವುದೇ ಅವರ ವಿಧಾನ.

ಕಷ್ಟ ಇದ್ದದ್ದು ಎಣಿಕೆಯಲ್ಲಿ. ಗ್ರಹಣದಿಂದ ಗ್ರಹಣಕ್ಕೆ ಮೂರು ದಿನಕ್ಕಿಂತ ಮೂರು ಗಂಟೆಯಷ್ಟು ಕಡಿಮೆ. ಹಾಗಾಗಿ ಪ್ರತಿ ಸಲವೂ ಗ್ರಹಣ ಅಷ್ಟು ಮುಂಚೆ ಬರುತ್ತದೆ. ಕೆಲವು ಸಲ ರಾತ್ರಿ ಕಂಡು, ಆಮೇಲೆ ಹಗಲಿಗೆ ಸರಿದು ಮರೆಯಾಗುತ್ತದೆ. ಮೋಡ ಬೇರೆ. ಕಂಡ ಎರಡು ಗ್ರಹಣಗಳ ನಡುವೆ ಕಾಣದೆ ಹೋದವು ಎಷ್ಟು ಎಂಬುದನ್ನು ಲೆಕ್ಕದಿಂದಲೇ ಹಿಡಿಯಬೇಕಿತ್ತು. 1783ರ ಮೇ ತಿಂಗಳಲ್ಲಿ ರಾಯಲ್ ಸೊಸೈಟಿಗೆ ವರದಿ ಹೋಯಿತು. ದೊಡ್ಡ ಕಾಯವೊಂದು ಆಲ್ಗಾಲ್ ಅನ್ನು ಸುತ್ತುತ್ತಾ ಅಡ್ಡ ಬರುತ್ತಿರಬಹುದು, ಇಲ್ಲವೇ ಅದರ ಮೈಮೇಲೆ ಕಪ್ಪು ಕಲೆಗಳಿರಬಹುದು ಎಂದು ಅವನು ಊಹಿಸಿದ. ಆ ವರ್ಷದ ಕಾಪ್ಲಿ ಪದಕ ಸಿಕ್ಕಿತು.

ಆದರೆ ಪದಕದಿಂದ ವೇಳಾಪಟ್ಟಿ ಮುಗಿಯುವುದಿಲ್ಲ. ವರ್ಷಕ್ಕೆ ಸುಮಾರು 127 ಗ್ರಹಣಗಳು. ಅವಧಿಯಲ್ಲಿ ಒಂದೇ ನಿಮಿಷ ತಪ್ಪಿದರೂ ವರ್ಷದ ಕೊನೆಗೆ ಭವಿಷ್ಯ ಎರಡು ಗಂಟೆ ಕೆಡುತ್ತದೆ. ಬಹಳ ಅಂತರದ ಎರಡು ಗ್ರಹಣಗಳನ್ನು ತೆಗೆದುಕೊಂಡು ಭಾಗಿಸಿದಷ್ಟೂ ಈ ತಪ್ಪು ಸಣ್ಣದಾಗುತ್ತದೆ. 1784ರಲ್ಲಿ ಗುಡ್ರಿಕ್ ಅವಧಿಯ ಮೇಲೆ ಮತ್ತೊಂದು ಲೇಖನ ಬರೆದ. ಇಂದಿನ ಲೆಕ್ಕ 2 ದಿನ, 20 ಗಂಟೆ, 49 ನಿಮಿಷ. ಕೆಲವು ಸೆಕೆಂಡು ಕಡಿಮೆ.

1786ರ ಏಪ್ರಿಲ್ 16ರಂದು ಅವನನ್ನು ರಾಯಲ್ ಸೊಸೈಟಿಯ ಸದಸ್ಯನನ್ನಾಗಿ ಆರಿಸಿದರು. ನಾಲ್ಕೇ ದಿನದಲ್ಲಿ ತೀರಿಕೊಂಡ. 21 ವರ್ಷ. ಅವನ ಮೊದಲ ಊಹೆಯೇ ನಿಜ ಎಂದು ಖಚಿತವಾದದ್ದು 1889ರಲ್ಲಿ. ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಹರ್ಮನ್ ವೋಗೆಲ್ ಆಲ್ಗಾಲ್‌ನ ವರ್ಣಪಟಲ ಪರೀಕ್ಷಿಸಿದ. ಗ್ರಹಣಕ್ಕೆ ಮುಂಚೆ ನಕ್ಷತ್ರ ನಮ್ಮಿಂದ ದೂರ ಸರಿಯುತ್ತಿತ್ತು, ನಂತರ ಹತ್ತಿರ ಬರುತ್ತಿತ್ತು. ಅಲ್ಲಿ ಜೊತೆಗಾರ ಇದ್ದದ್ದು ಹೌದು.

ಇಂಥ ಜೋಡಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದ್ರವ್ಯ ಹರಿದರೆ ಅವಧಿಯೇ ಬದಲಾಗುತ್ತದೆ. ಆಲ್ಗಾಲ್‌ಗೆ ಮೂರನೆಯ ಸಂಗಾತಿಯೂ ಇದೆ. ಆದ್ದರಿಂದ ಯಾವ ಪಟ್ಟಿಯೂ ಶಾಶ್ವತವಲ್ಲ. ಕಂಡ ಹೊತ್ತಿನಿಂದ ಲೆಕ್ಕದ ಹೊತ್ತನ್ನು ಕಳೆದು ತಿದ್ದುತ್ತಲೇ ಇರಬೇಕು. ಆಕಾಶದಲ್ಲಿ ಇಂಥ ಜೋಡಿಗಳು ಸಾವಿರಾರು. ದೊಡ್ಡ ವೀಕ್ಷಣಾಲಯಗಳಿಗೆ ಎಲ್ಲದಕ್ಕೂ ಪುರುಸೊತ್ತಿಲ್ಲ, ಆ ಕೆಲಸದ ಪಾಲು ಹವ್ಯಾಸಿಗಳದ್ದು.

ಆ ರಾತ್ರಿ ನಾನೂ ಇಳಿಯುವಾಗ, ಏರುವಾಗ ಹೊಳಪು ಸಮವಿದ್ದ ಹೊತ್ತುಗಳನ್ನು ಬರೆದುಕೊಂಡು ನಡುಬಿಂದು ತೆಗೆದೆ. ಪಟ್ಟಿಗಿಂತ ಹತ್ತು ನಿಮಿಷ ಆಚೀಚೆ. ತಪ್ಪು ನನ್ನ ಕಣ್ಣಿನದೇ ಇರಬೇಕು. ಗುಡ್ರಿಕ್ ಕೂಡ ಮೊದಲು ಹಾಗೇ ಅಂದುಕೊಂಡಿದ್ದ. ಮೂರು ದಿನ ಬಿಟ್ಟು ಮತ್ತೆ ತಾರಸಿ ಹತ್ತಿದೆ.