ಕಾರಿನ ಸೈಲೆನ್ಸರ್ ಬದಲಿಸಿದರೆ ಎಮಿಷನ್ ಟೆಸ್ಟ್ ಪಾಸಾಗುತ್ತಾ? ಎಲ್ಲಿ ಕೈ ಹಾಕಬಹುದು, ಎಲ್ಲಿ ಹಾಕಬಾರದು

'ಎಮಿಷನ್ ಟೆಸ್ಟ್ ಪಾಸಾಯ್ತಲ್ಲ, ಇನ್ನೇನು ತೊಂದ್ರೆ?' ಸೈಲೆನ್ಸರ್ ಬದಲಿಸಿದವರು ಸಾಮಾನ್ಯವಾಗಿ ಹೇಳುವ ಮಾತಿದು. ಇದರಲ್ಲಿ ಅರ್ಧ ಮಾತ್ರ ನಿಜ. ಪೆಟ್ರೋಲ್ ಬಂಕ್ ಪಕ್ಕದ ಎಮಿಷನ್ ಸೆಂಟರ್‌ನ ಯಂತ್ರ ಅಳೆಯೋದು ಹೊಗೆಯನ್ನು, ಸದ್ದನ್ನಲ್ಲ. ಹಾಗಾಗಿ ಊರಿಗೇ ಕೇಳುವಂತೆ ಗುಡುಗುವ ಕಾರೂ ಸರ್ಟಿಫಿಕೇಟ್ ಪಡೆದು ಹೊರಬರಬಹುದು. ಅದೇ ಕಾರು ಮುಂದಿನ ಸರ್ಕಲ್‌ನಲ್ಲಿ ಪೊಲೀಸರ ಕೈಗೆ ಸಿಕ್ಕರೆ ಆ ಸರ್ಟಿಫಿಕೇಟ್ ಕೆಲಸಕ್ಕೆ ಬರುವುದಿಲ್ಲ.

ಕಾರಿನ ಹೊಗೆ ದಾರಿಯಲ್ಲಿ ಯಾವ ಭಾಗ ಏನು ಮಾಡುತ್ತದೆ ಎಂದು ಗೊತ್ತಿದ್ದರೆ ಗ್ಯಾರೇಜಿನಲ್ಲಿ ಯಾರೂ ಯಾಮಾರಿಸಲು ಆಗುವುದಿಲ್ಲ. ಎಂಜಿನ್‌ನಿಂದ ಹೊರಬಂದ ಹೊಗೆ ಮೊದಲು ಮ್ಯಾನಿಫೋಲ್ಡ್‌ಗೆ ಬರುತ್ತದೆ. ನಂತರ ಕ್ಯಾಟಲಿಟಿಕ್ ಕನ್ವರ್ಟರ್. ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ 'ಕ್ಯಾಟ್'. ಅದರ ಹಿಂದೆ ಉದ್ದದ ಪೈಪು, ಕೊನೆಯಲ್ಲಿ ನಾವೆಲ್ಲ ಸೈಲೆನ್ಸರ್ ಎನ್ನುವ ಡಬ್ಬಿ. ಹೊಗೆಯನ್ನು ಶುದ್ಧ ಮಾಡುವುದು ಕ್ಯಾಟ್. ಡಬ್ಬಿಯ ಕೆಲಸ ಸದ್ದು ಅಡಗಿಸುವುದಷ್ಟೇ. ಹೀಗಾಗಿ ಪೆಟ್ರೋಲ್ ಕಾರಿನಲ್ಲಿ ಹಿಂದಿನ ಡಬ್ಬಿ ಮಾತ್ರ ಬದಲಾದರೆ ಟೆಸ್ಟ್‌ನ ಅಂಕಿಗಳು ಹೆಚ್ಚುಕಡಿಮೆ ಅಲ್ಲೇ ಇರುತ್ತವೆ. ಕ್ಯಾಟ್ ಕಿತ್ತರೆ ಮಾತ್ರ ಎಲ್ಲವೂ ಬದಲಾಗುತ್ತದೆ.

ಯಂತ್ರ ನೋಡುವುದೇನು

ಬಿಎಸ್ 4 ಮತ್ತು ಆನಂತರದ ಪೆಟ್ರೋಲ್ ಕಾರು ಐಡಲ್‌ನಲ್ಲಿ ನಿಂತಾಗ ಕಾರ್ಬನ್ ಮೊನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ ದಾಟಬಾರದು. ಬಿಎಸ್ 2 ಮತ್ತು ಬಿಎಸ್ 3 ಕಾರುಗಳಿಗೆ ಈ ಮಿತಿ ಶೇ 0.5 ಮತ್ತು 750 ಪಿಪಿಎಂ. ಹೊಸ ಕಾರುಗಳಿಗೆ ಇನ್ನೊಂದು ಪರೀಕ್ಷೆಯೂ ಇದೆ. ಆಕ್ಸಿಲರೇಟರ್ ಒತ್ತಿ ಸುಮಾರು 2500 ಆರ್‌ಪಿಎಂನಲ್ಲಿ ಹಿಡಿದು 'ಲ್ಯಾಂಬ್ಡಾ' ನೋಡುತ್ತಾರೆ. ಗಾಳಿ ಮತ್ತು ಇಂಧನದ ಪ್ರಮಾಣ ಸರಿ ಇದೆಯಾ ಎಂದು ಹೇಳುವ ಅಂಕಿ ಅದು. 0.97ರಿಂದ 1.03ರ ಒಳಗೆ ಇರಬೇಕು. ಡೀಸೆಲ್ ಗಾಡಿಗೆ ಆಕ್ಸಿಲರೇಟರ್ ಪೂರ್ತಿ ಒತ್ತಿಸಿ ಹೊಗೆ ಎಷ್ಟು ಕಪ್ಪಾಗಿದೆ ಎಂದು ಅಳೆಯುತ್ತಾರೆ.

ಕಾರು ನೋಂದಣಿಯಾಗಿ ಒಂದು ವರ್ಷ ತುಂಬಿದ ಮೇಲೆ ಸರ್ಟಿಫಿಕೇಟ್ ಇಟ್ಟುಕೊಳ್ಳಲೇಬೇಕು. ಬಿಎಸ್ 4, ಬಿಎಸ್ 6 ಗಾಡಿಗಳಿಗೆ ಅದು ಒಂದು ವರ್ಷ ನಡೆಯುತ್ತದೆ, ಹಳೆಯವಕ್ಕೆ ಆರು ತಿಂಗಳು.

ಕ್ಯಾಟ್ ಕಿತ್ತು ಪೈಪ್ ಜೋಡಿಸುವ ದಂಧೆ

'ಕ್ಯಾಟ್ ಬ್ಲಾಕ್ ಆಗಿದೆ ಸಾರ್, ತೆಗೆದು ನೇರ ಪೈಪ್ ಹಾಕಿಬಿಡೋಣ, ಪಿಕಪ್ಪೂ ಬರುತ್ತೆ' ಎಂದು ಯಾರಾದರೂ ಹೇಳಿದರೆ ಒಂದು ನಿಮಿಷ ನಿಲ್ಲಿ. ಕ್ಯಾಟ್‌ನೊಳಗಿನ ಜೇನುಗೂಡಿನಂಥ ಭಾಗಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಇರುತ್ತದೆ. ಮೂರೂ ದುಬಾರಿ ಲೋಹಗಳು. ಹಳೆಯದನ್ನು ಬಿಚ್ಚಿದವರು ಅದನ್ನು ನಿಮ್ಮ ಕೈಗೆ ಕೊಡದೆ ಇಟ್ಟುಕೊಂಡರೆ, ಆ ಡಬ್ಬಿಗೆ ಗುಜರಿಯಲ್ಲಿ ಒಳ್ಳೆಯ ರೇಟ್ ಇದೆ ಎಂಬುದು ನೆನಪಿರಲಿ. ಗಿರಾಕಿ ಕೂಲಿಯನ್ನೂ ಕೊಟ್ಟು, ಮಾಲನ್ನೂ ಬಿಟ್ಟು ಬರುತ್ತಾನೆ.

ಕ್ಯಾಟ್ ಇಲ್ಲದ ಕಾರು ಶೇ 0.3ರ ಮಿತಿಯೊಳಗೆ ಬರುವುದು ಬಹಳ ಕಷ್ಟ. ಈಚಿನ ಕಾರುಗಳಲ್ಲಿ ಕ್ಯಾಟ್‌ನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಕ್ಯಾಟ್ ಕೆಲಸ ಮಾಡುತ್ತಿದೆಯಾ ಎಂದು ಹಿಂದಿನದು ಕಾಯುತ್ತಿರುತ್ತದೆ. ಕ್ಯಾಟ್ ಇಲ್ಲದಿದ್ದರೆ ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಲೈಟ್ ಹತ್ತುತ್ತದೆ. ಸೆನ್ಸರ್‌ಗೆ ಟೋಪಿ ಹಾಕುವ ಸಾಮಾನುಗಳೂ ಮಾರ್ಕೆಟ್‌ನಲ್ಲಿವೆ. ಲೈಟ್ ಆರಬಹುದು, ಹೊಗೆ ಶುದ್ಧವಾಗುವುದಿಲ್ಲ. ಇನ್ನು ಪಿಕಪ್ ವಿಚಾರ. ಸಣ್ಣ 1.2 ಲೀಟರ್ ಪೆಟ್ರೋಲ್ ಕಾರಿನಲ್ಲಿ ಸೈಲೆನ್ಸರ್ ಬದಲಾವಣೆಯಿಂದ ಸಿಗುವ ಶಕ್ತಿ ಲೆಕ್ಕಕ್ಕೆ ಬರುವಂಥದ್ದಲ್ಲ. ಸದ್ದು ಜಾಸ್ತಿಯಾದಾಗ ಕಾರು ಜೋರಾಗಿ ಓಡಿದಂತೆ ಅನ್ನಿಸುತ್ತದೆ, ಅಷ್ಟೇ.

ಬಿಎಸ್ 6 ಡೀಸೆಲ್ ಕಾರಿನವರ ಗೋಳು ಬೇರೆ. ಅದರಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ತುಂಬಿದ ಮಸಿಯನ್ನು ಅದು ಬಿಸಿಯಲ್ಲಿ ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎರಡು ಕಿಲೋಮೀಟರ್ ಓಡಿಸುವವರ ಗಾಡಿ ಅಷ್ಟು ಬಿಸಿಯೇ ಆಗುವುದಿಲ್ಲ. ಫಿಲ್ಟರ್ ಕಟ್ಟಿಕೊಂಡು ವಾರ್ನಿಂಗ್ ಬರುತ್ತದೆ. ಆಗ 'ಡಿಪಿಎಫ್ ತೆಗೆಸಿ' ಎಂಬ ಸಲಹೆ ಸಿಗುತ್ತದೆ. ಅದಕ್ಕೆ ಮೊದಲು ಮ್ಯಾನುಯಲ್‌ನಲ್ಲಿ ಬರೆದಿರುವಂತೆ ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ ನೋಡಬೇಕು. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ ಸರ್ವೀಸ್ ಸೆಂಟರ್‌ನಲ್ಲಿ ಯಂತ್ರ ಹಚ್ಚಿ ಸುಡಿಸಬಹುದು. ದಿನವೂ ಊರೊಳಗೇ ಸುತ್ತುವವರು ಬಿಎಸ್ 6 ಡೀಸೆಲ್ ಕೊಳ್ಳುವ ಮುನ್ನವೇ ಇದನ್ನು ಯೋಚಿಸುವುದು ಒಳ್ಳೆಯದು.

ಕಾನೂನು ಏನನ್ನುತ್ತದೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ, ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಕಾಯ್ದೆಗೆ ಸೇರಿದ 182ಎ ಸೆಕ್ಷನ್‌ನಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಇದೆ.

ಸದ್ದು ಮತ್ತು ಹೊಗೆಗೆ 190(2) ಸೆಕ್ಷನ್ ಇದೆ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್‌ಗೂ ಕುತ್ತು. ಓಡಿಸಿದವರಷ್ಟೇ ಅಲ್ಲ, ಓಡಿಸಲು ಬಿಟ್ಟವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ. ಆರ್‌ಸಿ ಅಪ್ಪನ ಹೆಸರಲ್ಲಿ, ಸೈಲೆನ್ಸರ್ ಮಗನ ಆಸೆಯಲ್ಲಿ ಇರುವ ಮನೆಗಳು ಇದನ್ನು ಗಮನಿಸಬೇಕು. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ಎಲ್ಲರೂ ಮೊಬೈಲ್‌ನಲ್ಲಿ ನೋಡಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಬೈಕಿನವು ನಿಜ, ಆದರೆ ಕಾನೂನು ಕಾರಿಗೂ ಅದೇ.

ಅಪಘಾತವಾದರೆ ಇನ್ನೊಂದು ತಲೆನೋವು. ತಿಳಿಸದೆ ಮಾಡಿಸಿದ ಬದಲಾವಣೆಯನ್ನು ವಿಮೆ ಕಂಪನಿ ಕ್ಲೇಮ್ ಹೊತ್ತಿನಲ್ಲಿ ಎತ್ತಬಹುದು.

ಹಾಗಾದರೆ ಮಾಡಿಸಬಹುದಾದ್ದು ಏನು?

ತುಕ್ಕು ಹಿಡಿದು ತೂತಾದ ಡಬ್ಬಿಯನ್ನು ಅದೇ ಮಾಡೆಲ್‌ಗೆ ಕಂಪನಿ ಕೊಡುವ, ಅಥವಾ ಅದೇ ಅಳತೆಯ, ಅಷ್ಟೇ ಸದ್ದಿನ ಡಬ್ಬಿಯಿಂದ ಬದಲಿಸುವುದು ರಿಪೇರಿ, ಅದಕ್ಕೆ ಅಂಜಬೇಕಿಲ್ಲ. ಕರಾವಳಿ, ಮಲೆನಾಡಿನ ಮಳೆಗೆ ಬೇಗ ತುಕ್ಕು ಹಿಡಿಯುವುದರಿಂದ ಸ್ಟೀಲಿನದು ಸಿಕ್ಕರೆ ಇನ್ನೂ ಒಳ್ಳೆಯದು. ಪೈಪಿನ ತುದಿಗೆ ಹೊಳೆಯುವ ಟಿಪ್ ಹಾಕಿಸಿದರೆ ಹೊಗೆಗೂ ಸದ್ದಿಗೂ ವ್ಯತ್ಯಾಸವಿಲ್ಲ. ಬಂಪರ್‌ನಿಂದ ಹೊರಗೆ ಚಾಚಿರಬಾರದು, ಅಷ್ಟೇ. ಏನೇ ಮಾಡಿಸಿದರೂ ಬಿಲ್ ಇಟ್ಟುಕೊಳ್ಳಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಬೆಸುಗೆ ಸರಿಯಾಗಿರದೆ ಟೆಸ್ಟ್ ಫೇಲ್ ಆಗುವುದೂ ಉಂಟು. ಮುಂದಿನ ಸೆನ್ಸರ್‌ಗೆ ಮೊದಲೇ ಪೈಪು ಸೀಳಿದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಇಂಧನ ಕಡಿಮೆಯಾಯಿತೆಂದು ತಿಳಿದ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಮೈಲೇಜ್ ಇಳಿಯುತ್ತದೆ, ಮೊನಾಕ್ಸೈಡ್ ಏರುತ್ತದೆ. ಹಿಂದಿನ ಪೈಪಿನಲ್ಲಿ ತೂತಿದ್ದರೆ ಲ್ಯಾಂಬ್ಡಾ ಮಿತಿ ಮೀರಬಹುದು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಕೆಳಗಿಂದ 'ಟಿಕ್ ಟಿಕ್' ಎಂಬ ಸದ್ದು ಬರುವುದು ಸೋರಿಕೆಯ ಸಾಮಾನ್ಯ ಲಕ್ಷಣ.

ಇದು ಬರೀ ಸರ್ಟಿಫಿಕೇಟ್ ಪ್ರಶ್ನೆಯೂ ಅಲ್ಲ. ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರುವ ಪೈಪಿನ ಕಾರಿನಲ್ಲಿ ಗ್ಲಾಸ್ ಏರಿಸಿ, ಎಸಿ ಹಾಕಿಕೊಂಡು ಮಲಗಿದವರು ಏಳದೇ ಹೋಗಬಹುದು. ಪ್ರಯಾಣದಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಕಾರು ನಿಲ್ಲಿಸಿ ಹೊರಗೆ ಇಳಿಯಬೇಕು, ಪೈಪು ತೋರಿಸುವವರೆಗೆ ಮತ್ತೆ ಓಡಿಸಬಾರದು.

ಟೆಸ್ಟ್‌ಗೆ ಹೋಗುವ ದಿನ ಕಾರನ್ನು ಹತ್ತು-ಹದಿನೈದು ನಿಮಿಷ ಓಡಿಸಿಕೊಂಡೇ ಹೋಗಿ. ಕ್ಯಾಟ್ ಚೆನ್ನಾಗಿ ಬಿಸಿಯಾದ ಮೇಲೇ ಕೆಲಸ ಶುರುಮಾಡುವುದು. ಮನೆ ಪಕ್ಕದ ಸೆಂಟರ್‌ಗೆ ತಣ್ಣಗಿನ ಕಾರು ಒಯ್ದು ಫೇಲ್ ಆದವರು ಕಾರಿಗೆ ಬೈದು ಪ್ರಯೋಜನವಿಲ್ಲ. ಏರ್ ಫಿಲ್ಟರ್, ಪ್ಲಗ್, ಆಯಿಲ್ ಹಳೆಯದಾಗಿದ್ದರೆ ಮೊದಲು ಬದಲಿಸಿ. ಎಂಜಿನ್ ಲೈಟ್ ಹತ್ತಿದ್ದರೆ ಸ್ಕ್ಯಾನ್ ಮಾಡಿಸದೆ ಹೋಗಬೇಡಿ. ಗಾಡಿಯನ್ನೇ ನೋಡದೆ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಯಂತ್ರದ ಅಂಕಿ ಮತ್ತು ನಂಬರ್ ಪ್ಲೇಟ್ ಫೋಟೊ ಈಗ ಆನ್‌ಲೈನ್‌ನಲ್ಲಿ ದಾಖಲಾಗುತ್ತವೆ.