ನಿಮ್ಮ ಪುಸ್ತಕವನ್ನ ಹೊರೋರು ಯಾರು?

ಇವತ್ತಿನ ಕಂತನ್ನ ನನ್ನದೇ ಒಂದು ಪೆದ್ದುತನದಿಂದ ಶುರು ಮಾಡ್ತೀನಿ.

ಮೂರು ವರ್ಷ ಕೂತು ಬರೆದ ಕಥೆಗಳು ನನ್ನ ಲ್ಯಾಪ್‌ಟಾಪ್‌ನಲ್ಲಿವೆ. ಒಟ್ಟು 180 ಪುಟ. ಹೋದ ತಿಂಗಳು ಒಂದು ಪ್ರಕಾಶನಕ್ಕೆ ಕಳಿಸಿದೆ. ಎರಡೇ ದಿನಕ್ಕೆ ಉತ್ತರ ಬಂತು: ನಿಮ್ಮ ಕೃತಿ ಆಯ್ಕೆಯಾಗಿದೆ, 45 ಸಾವಿರ ಕಟ್ಟಿ. ಖುಷಿಯಲ್ಲಿ ಗೂಗಲ್ ಪೇ ಓಪನ್ ಮಾಡಿಯೇಬಿಟ್ಟಿದ್ದೆ. ಆಮೇಲೆ ಏನೋ ಅನುಮಾನ ಬಂದು ಫೋನ್ ಮಾಡಿ ಕೇಳಿದೆ, "ಸರ್, ನಿಮಗೆ ಯಾವ ಕಥೆ ಹಿಡಿಸ್ತು?" ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಎಲ್ಲವೂ ಚೆನ್ನಾಗಿವೆ ಸರ್."

ಒಂದನ್ನೂ ಓದಿರಲಿಲ್ಲ. ದುಡ್ಡು ಕಳಿಸಲಿಲ್ಲ, ಬಿಡಿ. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಉಳಿದುಬಿಡ್ತು. ನಮ್ಮ ಹಿಂದಿನ ಬರಹಗಾರರು ಪ್ರಕಾಶಕರನ್ನ ಹೇಗೆ ಆರಿಸಿಕೊಂಡರು?

ಮೊದಲಿಗೆ ಗಳಗನಾಥರು. ಪೂರ್ತಿ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಹುಟ್ಟಿದ್ದು 1869ರಲ್ಲಿ, ಈಗಿನ ಹಾವೇರಿ ಜಿಲ್ಲೆಯಲ್ಲಿ. ಆ ಭಾಗ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಮರಾಠಿಯ ಪ್ರಭಾವ ಜೋರಾಗಿತ್ತು. ಕನ್ನಡ ಕಾದಂಬರಿ ಬರೆದರೂ ಅದನ್ನ ಓದುಗರಿಗೆ ತಲುಪಿಸೋರು ಯಾರು? ಮಾಸ್ತರಿಕೆ ಮಾಡಿದ್ದ ಈ ಮನುಷ್ಯ ಪುಸ್ತಕದ ಗಂಟು ಹೊತ್ತು ಊರೂರು ನಡೆದು ತಾವೇ ಮಾರಿದರು. ಬರೆದವರೂ ಅವರೇ, ಹೊತ್ತವರೂ ಅವರೇ.

ಈ ಚಿತ್ರ ನನ್ನ ಮನಸ್ಸಿಂದ ಹೋಗೋದೇ ಇಲ್ಲ. ಯಾಕಂದ್ರೆ ಪ್ರಕಾಶಕನ ನಿಜವಾದ ಕೆಲಸ ಏನು ಅಂತ ಅದು ಹೇಳಿಬಿಡುತ್ತೆ. ಅಚ್ಚು ಹಾಕೋದಕ್ಕೆ ಪ್ರೆಸ್ ಇದೆ. ಪುಸ್ತಕವನ್ನ ಹೊತ್ತು ಓದುಗನ ಮನೆ ಬಾಗಿಲಿಗೆ ತಲುಪಿಸೋನೇ ಪ್ರಕಾಶಕ.

ಈಗ ಧಾರವಾಡಕ್ಕೆ ಬನ್ನಿ. 1933ರಲ್ಲಿ ಜಿ.ಬಿ. ಜೋಶಿ ಅಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದರು. ಓದುಗರು ಮೊದಲೇ ಚಂದಾ ಕಟ್ಟಬೇಕು, ಪುಸ್ತಕಗಳು ಅವರ ಮನೆಗೆ ಬರುತ್ತವೆ. ಅಂದ್ರೆ ಅಚ್ಚಾಗುವ ಮೊದಲೇ ಪುಸ್ತಕಕ್ಕೆ ಓದುಗರು ಸಿದ್ಧ! ನಾವೀಗ ಸಬ್‌ಸ್ಕ್ರಿಪ್ಷನ್ ಅಂತೀವಲ್ಲ, ಅದೇ. ಸುಭಾಸ್ ರಸ್ತೆಯ ಮಹಡಿಯ ಮೇಲಿದ್ದ ಆ ಕಚೇರಿಗೆ ಸಾಹಿತಿಗಳು ಇಟ್ಟ ಹೆಸರು 'ಅಟ್ಟ'. ಬೇಂದ್ರೆಯವರ ಒಡನಾಟವಿದ್ದ ಜಾಗ ಅದು. ಹಸ್ತಪ್ರತಿ ಓದಿ ಸಲಹೆ ಕೊಡೋಕೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಇದ್ದರು.

ಆ ಅಟ್ಟಕ್ಕೆ ಹೋದ ಒಂದು ಹಸ್ತಪ್ರತಿ 'ಯಯಾತಿ'. ಬರೆದವರು ಗಿರೀಶ ಕಾರ್ನಾಡ. ಇಂಗ್ಲಿಷ್ ಕವಿಯಾಗಬೇಕು ಅಂತ ಕನಸು ಕಂಡಿದ್ದ ಹುಡುಗ, ಆಕ್ಸ್‌ಫರ್ಡ್‌ಗೆ ಹೊರಡೋ ಹೊತ್ತಿನಲ್ಲಿ ಕನ್ನಡದಲ್ಲಿ ನಾಟಕ ಬರೆದಿದ್ದ. 1961ರಲ್ಲಿ ಗ್ರಂಥಮಾಲೆ ಅದನ್ನ ತಂದಿತು. ಹೆಸರೇ ಇಲ್ಲದ ಹೊಸಬ ಅವರು ಆಗ.

ಮುಂದೆ 1963ರಿಂದ ಏಳು ವರ್ಷ ಕಾರ್ನಾಡರು ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲೇ ಕೆಲಸ ಮಾಡಿದರು. ಪ್ರಕಾಶನದ ಒಳಹೊರಗು ಗೊತ್ತಿದ್ದವರು. ಆದರೂ 1964ರ 'ತುಘಲಕ್' ಹೋಗಿದ್ದು ಅದೇ ಅಟ್ಟಕ್ಕೆ. 2011ರಲ್ಲಿ ಆತ್ಮಕಥೆ 'ಆಡಾಡತ ಆಯುಷ್ಯ' ಬಂದಾಗಲೂ ಪ್ರಕಾಶಕರು ಅವರೇ. ಅಷ್ಟೊತ್ತಿಗೆ ಜಿ.ಬಿ. ತೀರಿಕೊಂಡಿದ್ದರು, ಮಗ ರಮಾಕಾಂತ ಜೋಶಿ ನಡೆಸ್ತಿದ್ದರು. 50 ವರ್ಷ, ಎರಡು ತಲೆಮಾರು, ಒಂದೇ ಪ್ರಕಾಶನ!

ಅನಂತಮೂರ್ತಿಯವರನ್ನೂ ನೋಡಿ. ತೀರ್ಥಹಳ್ಳಿ ಕಡೆಯವರು, ಓದಿದ್ದು ಮೈಸೂರಿನಲ್ಲಿ, ಇಂಗ್ಲೆಂಡಿನಲ್ಲಿದ್ದಾಗ ಬರೆದದ್ದು 'ಸಂಸ್ಕಾರ'. 1965ರಲ್ಲಿ ಅದು ಬಂದಿದ್ದೂ ಧಾರವಾಡದಿಂದಲೇ. ಹತ್ತಿರದ ಪ್ರಕಾಶಕರೇ ಆಗಬೇಕು ಅಂತೇನಿಲ್ಲ, ನಿಮ್ಮ ಬರಹದ ಜಾತಕ ಅವರ ಪಟ್ಟಿಗೆ ಕೂಡಿಬರಬೇಕು, ಅಷ್ಟೆ.

ಹಾಗಾದ್ರೆ ಸ್ವಂತ ದುಡ್ಡಲ್ಲಿ ಪುಸ್ತಕ ತರೋದು ತಪ್ಪಾ? ಖಂಡಿತ ಇಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಹರ್ಷ ಪ್ರಕಟಣಾಲಯ ನಡೆಸಿದರು. ತೇಜಸ್ವಿಯವರ ಪುಸ್ತಕಗಳು ಅವರದೇ 'ಪುಸ್ತಕ ಪ್ರಕಾಶನ'ದಿಂದ ಬಂದವು. ಅವರು ಹೊರೆಯನ್ನ ಗೊತ್ತಿದ್ದೇ ಹೊತ್ತರು. ನಿಮ್ಮ ದುಡ್ಡು ತಗೊಂಡು, ಹೊರೆಯನ್ನೂ ನಿಮ್ಮ ತಲೆಗೇ ಇಟ್ಟು, "ನಾವು ಆಯ್ಕೆ ಮಾಡಿದ್ವಿ" ಅಂತ ಹೇಳೋದಿದೆಯಲ್ಲ, ಅದು ಬೇರೆ.

ಇನ್ನೊಂದು ಮಾತು, ಇದು ಕಾನೂನಿನದು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡೋದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಬಾಯಿಮಾತು ನಡೆಯಲ್ಲ. ಎಷ್ಟು ವರ್ಷಕ್ಕೆ ಅಂತ ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ ಅದು 5 ವರ್ಷಕ್ಕೆ ಅಂತಲೇ ಲೆಕ್ಕ. ಯಾವ ಪ್ರದೇಶ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಆದ್ದರಿಂದ "ಶಾಶ್ವತವಾಗಿ" ಅನ್ನೋ ಪದ ಕಂಡರೆ ಸಹಿ ಹಾಕೋ ಮುಂಚೆ ಪೆನ್ನು ಕೆಳಗಿಡಿ.

ನಾನು ಈಗ ಏನ್ ಮಾಡ್ತಿದ್ದೀನಿ ಗೊತ್ತಾ? ನನಗೆ ಇಷ್ಟವಾದ ಹತ್ತು ಕಥಾಸಂಕಲನ ಕಪಾಟಿನಿಂದ ತೆಗೆದು, ಒಳಪುಟದಲ್ಲಿರೋ ಪ್ರಕಾಶಕರ ಹೆಸರು ಬರೆದುಕೊಂಡೆ. ಅವರ ಪುಸ್ತಕಗಳು ಬೆಂಗಳೂರು ಬಿಟ್ಟು ಬೇರೆ ಊರಿನ ಅಂಗಡಿಯಲ್ಲಿ ಸಿಗ್ತವಾ ಅಂತ ಸ್ನೇಹಿತರನ್ನ ಕೇಳಿದೆ. ಅವರಲ್ಲಿ ಬರೆದ ಇಬ್ಬರಿಗೆ ಫೋನ್ ಮಾಡಿ, ಗೌರವಧನ ಕೈಗೆ ಬಂತಾ, ಎರಡನೇ ಮುದ್ರಣ ಆಯ್ತಾ ಅಂತ ವಿಚಾರಿಸಿದೆ. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಮೂರೇ ಹೆಸರು.

ಮೊದಲನೆಯವರು ಮೊನ್ನೆ ಫೋನ್ ಮಾಡಿದ್ದರು. "ಪುಸ್ತಕ ಈಗಲೇ ಬೇಡ. ನಾಲ್ಕನೇ ಕಥೆಯ ಕೊನೆ ಅವಸರ ಆಗಿದೆ, ತಿದ್ದಿ ಕಳಿಸಿ" ಅಂದ್ರು. ಬೇಜಾರಾಯ್ತಾ? ಆಯ್ತು. ಆದರೆ ನಾಲ್ಕನೇ ಕಥೆವರೆಗೂ ಓದಿದಾರಲ್ಲ! ಈಗ ಅದನ್ನೇ ತಿದ್ದುತ್ತಾ ಕೂತಿದ್ದೀನಿ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ಓದ್ತಾ ಇರಿ, ಕೇಳ್ತಾ ಇರಿ.